ಒಂದೇ ಮಿಕ್ಸ್ ಹಿಡಿದು ಆಳಕ್ಕೆ ಇಳಿಯುವುದು ಹೇಗೆ: ಡಿಜೆ ಮಿಕ್ಸ್ ಕೇಳುವ ಹೊಸಬರಿಗೆ ಮಾರ್ಗದರ್ಶಿ

“ಒಳ್ಳೆಯ ಡಿಜೆ ಮಿಕ್ಸ್ ಇದ್ದರೆ ಹೇಳಿ” ಎಂಬ ಪ್ರಶ್ನೆ ತಿಂಗಳಿಗೆ ನಾಲ್ಕಾರು ಸಲವಾದರೂ ಬರುತ್ತದೆ. ಇಪ್ಪತ್ತು ಹೆಸರು ಬರೆದು ಕಳುಹಿಸುತ್ತೇನೆ. ಹದಿನೈದು ದಿನ ಕಳೆದ ಮೇಲೆ ಅದೇ ಓದುಗರು ಮತ್ತೆ ಬರೆಯುತ್ತಾರೆ: “ಎಲ್ಲ ಕೇಳಿದೆ, ಎಲ್ಲವೂ ಒಂದೇ ತರಹ ಇದೆಯಲ್ಲ?” ಹಾಗೆ ಅನಿಸಿದ್ದರಲ್ಲಿ ಅವರ ತಪ್ಪೇನೂ ಇಲ್ಲ, ಇಪ್ಪತ್ತನ್ನು ಒಟ್ಟಿಗೆ ಕಳುಹಿಸಿದ್ದು ನನ್ನ ತಪ್ಪು. ನೂರು ಮಿಕ್ಸ್‌ಗಳನ್ನು ಒಂದೊಂದು ಸಲ ಕೇಳಿದವರಿಗಿಂತ, ಒಂದನ್ನೇ ಮೂರು ಸಲ ಕೇಳಿ ಅದರೊಳಗಿನ ಒಂದು ತುಣುಕಿನ ಬೆನ್ನು ಹತ್ತಿದವರಿಗೆ ಹೆಚ್ಚು ದಕ್ಕುತ್ತದೆ. ಆದ್ದರಿಂದ ಈ ಸಲ ಹೆಸರುಗಳು ಕಡಿಮೆ, ಬೆನ್ನು ಹತ್ತುವ ಕ್ರಮ ಹೆಚ್ಚು.

ಮೊದಲೇ ಒಂದು ಗೊಂದಲ ಪರಿಹರಿಸಿಕೊಳ್ಳೋಣ. ನಮ್ಮ ಊರುಗಳಲ್ಲಿ ಡಿಜೆ ಎಂದರೆ ಗಣಪತಿ ವಿಸರ್ಜನೆಯ ದಿನ ಲಾರಿಯ ಮೇಲೆ ಪೇರಿಸಿದ ಸ್ಪೀಕರ್‌ಗಳು ಮತ್ತು ಅದಕ್ಕೆ ಪೊಲೀಸರು ಹೊರಡಿಸುವ ಸೂಚನೆ. ಇಲ್ಲಿ ಹೇಳುತ್ತಿರುವ ಡಿಜೆ ಬೇರೆ. ಅನೇಕರ ಧ್ವನಿಮುದ್ರಿಕೆಗಳನ್ನು ಆಯ್ದು, ಒಂದರ ಬಾಲಕ್ಕೆ ಇನ್ನೊಂದರ ತಲೆಯನ್ನು ಗಂಟು ಕಾಣದಂತೆ ಹೆಣೆಯುವ ಕಸುಬಿನವರು ಅವರು. ಆ ಹೆಣಿಗೆಯ ಒಂದೆರಡು ಗಂಟೆಯ ಧ್ವನಿಮುದ್ರಣವೇ ಮಿಕ್ಸ್. ಒಳಗಿರುವ ಒಂದೊಂದು ತುಣುಕನ್ನು ಟ್ರ್ಯಾಕ್ ಎನ್ನುತ್ತಾರೆ. ಹೆಚ್ಚಿನವಕ್ಕೆ ಸಾಹಿತ್ಯವೇ ಇರುವುದಿಲ್ಲ, ಹಾಗಾಗಿ ಹಾಡು ಎನ್ನುವುದು ಸರಿಹೋಗುವುದಿಲ್ಲ. ದೊಡ್ಡ ಕಂಪನಿಗಳ ಪ್ರಚಾರವಿಲ್ಲದೆ, ಸಣ್ಣ ಲೇಬಲ್‌ಗಳು, ಅಂದರೆ ಸಂಗೀತ ಪ್ರಕಾಶಕರು, ಕೆಲವೇ ನೂರು ಪ್ರತಿಗಳಲ್ಲಿ ಹೊರತರುವ ಸಂಗೀತಕ್ಕೆ ಅಂಡರ್‌ಗ್ರೌಂಡ್ ಎಂಬ ಹೆಸರು.

ಏನೇನು ಬೇಕು

ಒಂದು ಜೊತೆ ಹೆಡ್‌ಫೋನ್. ದುಬಾರಿಯದು ಬೇಡ, ತಂತಿಯದೇ ಸಾಕು. ಆದರೆ ಫೋನಿನ ಸ್ಪೀಕರ್ ಮಾತ್ರ ಖಂಡಿತ ಬೇಡ. ಹೆಚ್ಚಾಗಿ ಎಲೆಕ್ಟ್ರಾನಿಕ್ ಆದ ಈ ಕುಣಿತದ ಸಂಗೀತದ ಬೆನ್ನೆಲುಬಾದ ಕಿಕ್ ಡ್ರಮ್, ಅಂದರೆ ಧಮ್ ಧಮ್ ಎನ್ನುವ ದಪ್ಪ ಬಡಿತ, ಇರುವುದು 50–60 ಹರ್ಟ್ಸ್ ಸುತ್ತಮುತ್ತ. ಬೆರಳಗಲದ ಫೋನ್ ಸ್ಪೀಕರ್‌ಗೆ ಅಷ್ಟು ಕೆಳಗಿನ ನಾದ ಎಟಕುವುದೇ ಇಲ್ಲ. ಗುಡುಗುವ ಕಿಕ್ ಅಲ್ಲಿ ಡಬ್ಬಿಯ ಮುಚ್ಚಳ ತಟ್ಟಿದಂತೆ ಕೇಳಿಸುತ್ತದೆ. “ಎಲ್ಲವೂ ಒಂದೇ ತರಹ” ಎಂದು ದೂರುವವರಲ್ಲಿ ಅರ್ಧ ಜನರ ತೊಂದರೆ ಇಷ್ಟೇ.

ಜೊತೆಗೆ ಒಂದು ನೋಟ್‌ಪುಸ್ತಕ. ಡೇಟಾ ಲೆಕ್ಕ ಬೇಕಿದ್ದರೆ, 320 ಕೆಬಿಪಿಎಸ್ ಗುಣಮಟ್ಟದ ಎಂಪಿ3 ಗಂಟೆಗೆ ಸುಮಾರು 144 ಎಂಬಿ ತಿನ್ನುತ್ತದೆ. ಧ್ವನಿಯ ಮಟ್ಟದ ಬಗ್ಗೆಯೂ ಎಚ್ಚರವಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಏರಿಸಿದರೆ ವಾರಕ್ಕೆ ನಾಲ್ಕೇ ಗಂಟೆ. ಎರಡು ಗಂಟೆಯ ಎರಡು ಮಿಕ್ಸ್ ಮುಗಿಯುವಷ್ಟರಲ್ಲಿ ಆ ಕೋಟಾ ಮುಗಿದಿರುತ್ತದೆ.

1. ಮೂಲವನ್ನು ಆರಿಸಿ

ಯಾರೋ ಎಲ್ಲೋ ಏರಿಸಿದ ಫೈಲ್‌ಗಳಿಂದ ಆರಂಭಿಸಬೇಡಿ. ಆಯ್ಕೆಯ ಜವಾಬ್ದಾರಿ ಹೊತ್ತ ಸರಣಿಗಳಿವೆ. ಬಿಬಿಸಿ ರೇಡಿಯೊ 1ರ ಎಸೆನ್ಷಿಯಲ್ ಮಿಕ್ಸ್ 1993ರಿಂದ ನಡೆಯುತ್ತಿದೆ, ಎರಡು ಗಂಟೆಯದು. ಡಿಜೆ-ಕಿಕ್ಸ್ 1995ರಲ್ಲಿ ಆರಂಭವಾದ ಸಿ.ಡಿ. ಸರಣಿ, ಬರ್ಲಿನ್‌ನ ಕೆ7 ಲೇಬಲ್‌ನದು. ಲಂಡನ್‌ನ ಫ್ಯಾಬ್ರಿಕ್ ಕ್ಲಬ್ 1999ರಲ್ಲಿ ತೆರೆಯಿತು. 2001ರಿಂದ ತನ್ನದೇ ಮಿಕ್ಸ್ ಸಿ.ಡಿ.ಗಳನ್ನು ತಂದಿತು. ರೆಸಿಡೆಂಟ್ ಅಡ್ವೈಸರ್ ಎಂಬ ಸಂಗೀತ ತಾಣದ ಪಾಡ್‌ಕಾಸ್ಟ್ 2006ರಿಂದ ವಾರಕ್ಕೊಂದರಂತೆ ಬರುತ್ತಿದೆ. ಲಂಡನ್‌ನಲ್ಲಿ 2011ರಲ್ಲಿ ಹುಟ್ಟಿದ ಎನ್‌ಟಿಎಸ್ ಆನ್‌ಲೈನ್ ರೇಡಿಯೊದಲ್ಲಿ ಕುಣಿತದ ಸಂಗೀತದಾಚೆಯೂ ಬಹಳ ಸಿಗುತ್ತದೆ.

ಹೊಸಬರಿಗೆ ನನ್ನ ಸಲಹೆ: ಸಿ.ಡಿ.ಯಾಗಿ ಬಂದ ಮಿಕ್ಸ್‌ನಿಂದಲೇ ಶುರು ಮಾಡಿ. ಅದರ ಟ್ರ್ಯಾಕ್‌ಲಿಸ್ಟ್, ಅಂದರೆ ಯಾವ ಟ್ರ್ಯಾಕ್ ಯಾರದು ಎಂಬ ಪಟ್ಟಿ, ಮುದ್ರಿತವಾಗಿಯೇ ಇರುತ್ತದೆ. ಮುಂದಿನ ಹಂತಗಳಲ್ಲಿ ಅರ್ಧ ಶ್ರಮ ಉಳಿಯುತ್ತದೆ.

ಎಚ್ಚರಿಕೆ: ಬಾಯ್ಲರ್ ರೂಮ್‌ನಂಥ ವಿಡಿಯೊಗಳಿಂದ ಆರಂಭಿಸಬೇಡಿ. 2010ರಲ್ಲಿ ಲಂಡನ್‌ನಲ್ಲಿ ಒಂದು ವೆಬ್‌ಕ್ಯಾಮ್‌ನೊಂದಿಗೆ ಶುರುವಾದ ಅದು ಒಳ್ಳೆಯ ಸಂಗ್ರಹವೇ. ಆದರೆ ಡಿಜೆಯ ಹಿಂದೆ ಕುಣಿಯುವವರನ್ನು ನೋಡುತ್ತಾ ಕುಳಿತರೆ ಯಾವುದು ಚೆನ್ನಾಗಿದೆ ಎಂಬುದನ್ನು ನಿಮ್ಮ ಕಿವಿಯ ಬದಲು ಆ ಗುಂಪೇ ನಿರ್ಧರಿಸಿಬಿಡುತ್ತದೆ.

2. ಇವುಗಳಲ್ಲಿ ಒಂದನ್ನು ತೆಗೆದುಕೊಳ್ಳಿ, ಒಂದನ್ನೇ

ರಾತ್ರಿ ಊಟವಾದ ಮೇಲೆ ಸುಮ್ಮನೆ ಕೂರುವ ಅಭ್ಯಾಸದವರಿಗೆ ಕ್ರೂಡರ್ ಮತ್ತು ಡಾರ್ಫ್‌ಮೈಸ್ಟರ್ ಅವರ ಡಿಜೆ-ಕಿಕ್ಸ್ (1996). ವಿಯೆನ್ನಾದ ಈ ಇಬ್ಬರದು ನಿಧಾನ ಲಯ, ಹೊಗೆಯಂತೆ ಹರಡುವ ನಾದ. ಎಲೆಕ್ಟ್ರಾನಿಕ್ ಸಂಗೀತವೆಂದರೆ ತಲೆನೋವು ಎನ್ನುವವರಿಗೂ ಇದು ಒಗ್ಗುತ್ತದೆ.

ವೇಗ ಬೇಕೆನ್ನುವವರಿಗೆ ಡೆಟ್ರಾಯ್ಟ್‌ನ ಜೆಫ್ ಮಿಲ್ಸ್, ಟೋಕಿಯೊದ ಲಿಕ್ವಿಡ್ ರೂಮ್‌ನಲ್ಲಿ 1995ರಲ್ಲಿ ನುಡಿಸಿ 1996ರಲ್ಲಿ ಹೊರಬಂದ ಮಿಕ್ಸ್. ಒಂದು ಗಂಟೆಗಿಂತ ತುಸು ಹೆಚ್ಚಿನ ಅವಧಿಯಲ್ಲಿ ಮೂವತ್ತಕ್ಕೂ ಹೆಚ್ಚು ಟ್ರ್ಯಾಕ್‌ಗಳು ಬಂದು ಹೋಗುತ್ತವೆ. ಜನರ ಕೂಗು, ತರಾತುರಿ, ಅಲ್ಲಲ್ಲಿ ಒರಟು ಜೋಡಣೆ ಎಲ್ಲವನ್ನೂ ಹಾಗೆಯೇ ಬಿಟ್ಟಿದ್ದಾರೆ. ನನಗೆ ಮೊದಲ ಸಲ ಕೇಳಿದಾಗ ಇಷ್ಟವಾಗಲಿಲ್ಲ. ಈಗ ಒಂದನ್ನೇ ಇಟ್ಟುಕೊಳ್ಳಿ ಎಂದರೆ ಇದನ್ನೇ ಇಟ್ಟುಕೊಳ್ಳುತ್ತೇನೆ.

ಡಿಜೆ ಸ್ಪ್ರಿಂಕಲ್ಸ್ ಅವರ ‘ವೇರ್ ಡಾನ್ಸ್‌ಫ್ಲೋರ್ಸ್ ಸ್ಟ್ಯಾಂಡ್ ಸ್ಟಿಲ್’ (2013) ಆಳವಾದ, ವಿಷಾದ ಬೆರೆತ ಹೌಸ್. ಚಿಕಾಗೊದ ವೇರ್‌ಹೌಸ್ ಎಂಬ ಕ್ಲಬ್ಬಿನ ಹೆಸರಿನಿಂದ ಹುಟ್ಟಿದ, ಬಡಿತಕ್ಕೊಂದು ಕಿಕ್ ಬೀಳುವ ಕುಣಿತದ ಸಂಗೀತವೇ ಹೌಸ್. ಕುಣಿಯುವ ಅಂಗಳ ಸ್ತಬ್ಧವಾಗಿರುವುದರ ಮಾತು ಈ ಮಿಕ್ಸ್‌ನ ಹೆಸರಲ್ಲೇ ಇದೆ. ಜಪಾನಿನಲ್ಲಿ ಕ್ಲಬ್‌ಗಳಲ್ಲಿ ತಡರಾತ್ರಿ ಕುಣಿಯುವುದಕ್ಕೆ ನಿರ್ಬಂಧ ಹೇರುತ್ತಿದ್ದ 1948ರ ಕಾನೂನಿನತ್ತ ಅದು ಬೆರಳು ತೋರುತ್ತದೆ. ರಾತ್ರಿ ಹನ್ನೊಂದೂವರೆಗೆ ದೀಪ ಹಾಕಿ ಎಬ್ಬಿಸುತ್ತಿದ್ದ ಬೆಂಗಳೂರನ್ನು ಕಂಡವರಿಗೆ ಇದರ ವ್ಯಾಖ್ಯಾನ ಬೇಕಿಲ್ಲ.

ನಮ್ಮ ನೆರೆಯ ಗೋವಾದ ನಂಟು ಬೇಕೆನ್ನುವವರಿಗೆ ಪಾಲ್ ಓಕನ್‌ಫೋಲ್ಡ್ 1994ರ ಡಿಸೆಂಬರ್‌ನಲ್ಲಿ ಎಸೆನ್ಷಿಯಲ್ ಮಿಕ್ಸ್‌ಗಾಗಿ ಮಾಡಿದ ‘ಗೋವಾ ಮಿಕ್ಸ್’. ಟ್ರ್ಯಾಕ್‌ಗಳ ನಡುವೆ ಚಲನಚಿತ್ರ ಸಂಗೀತ, ಸಂಭಾಷಣೆಗಳೂ ಹೆಣೆದುಕೊಂಡಿವೆ. ಅಲ್ಲಿನ ಕಡಲತೀರದ ಕುಣಿತಗಳಲ್ಲಿ ಬೆಳೆದ ಗೋವಾ ಟ್ರಾನ್ಸ್ ಎಂಬ ಶೈಲಿಯ ಒಂದು ಗುಟ್ಟನ್ನು ತಿಳಿದುಕೊಂಡು ಕೇಳಿ. ಅಂಜುನಾದ ಬಿಸಿಲು ದೂಳಿಗೆ ವಿನೈಲ್ ತಟ್ಟೆ ಬಾಳುತ್ತಿರಲಿಲ್ಲ, ಹಾಗಾಗಿ ಅಲ್ಲಿನ ಡಿಜೆಗಳು ಡ್ಯಾಟ್ ಎಂಬ ಪುಟ್ಟ ಡಿಜಿಟಲ್ ಕ್ಯಾಸೆಟ್ ಬಳಸುತ್ತಿದ್ದರು. ಆ ಯಂತ್ರಗಳಲ್ಲಿ ವೇಗ ಹೆಚ್ಚುಕಡಿಮೆ ಮಾಡುವ ಅನುಕೂಲ ಸಾಮಾನ್ಯವಾಗಿ ಇರಲಿಲ್ಲ, ತಾಳಕ್ಕೆ ತಾಳ ಕೂಡಿಸುವುದು ಕಷ್ಟ. ಆದ್ದರಿಂದಲೇ ಆ ಶೈಲಿಯ ಟ್ರ್ಯಾಕ್‌ಗಳಿಗೆ ತಾಳವಿಲ್ಲದ ಉದ್ದನೆಯ ಪೀಠಿಕೆ, ಉದ್ದನೆಯ ಮುಕ್ತಾಯ.

ರಿಕಾರ್ಡೊ ವಿಲ್ಲಾಲೊಬೊಸ್ ಅವರ ಫ್ಯಾಬ್ರಿಕ್ 36 (2007) ಎಲ್ಲರೂ ಹೊಗಳುವಂಥದು, ತನ್ನದೇ ಟ್ರ್ಯಾಕ್‌ಗಳಿಂದ ಕಟ್ಟಿದ್ದು. ಆದರೆ ಅದು ಮೊದಲ ಮಿಕ್ಸ್ ಆಗಬಾರದು. ಆರು ತಿಂಗಳು ಬಿಟ್ಟು ಕೇಳಿ.

3. ಮೂರು ಸಲ ಕೇಳಿ, ಮೂರು ಬಗೆಯಲ್ಲಿ

ಮೊದಲ ಸಲ ಕೆಲಸ ಮಾಡುತ್ತಾ ಕೇಳಿ. ಪಾತ್ರೆ ತೊಳೆಯುವಾಗಲೋ ಬಸ್ಸಿನಲ್ಲೋ, ಹೇಗಾದರೂ ಸರಿ. ನಿಲ್ಲಿಸಬೇಡಿ, ಮುಂದಕ್ಕೆ ಓಡಿಸಬೇಡಿ. ಮಿಕ್ಸ್ ಕೇಳುವವರು ಮಾಡುವ ದೊಡ್ಡ ತಪ್ಪೆಂದರೆ ಓಡಿಸುವುದು. ಹತ್ತನೇ ನಿಮಿಷಕ್ಕೆ ಬೇಸರವಾಯಿತೆಂದು ಜಿಗಿದರೆ, ಮೂವತ್ತನೇ ನಿಮಿಷದಲ್ಲಿ ಬರುವ ಬಿಡುಗಡೆಗೆ ಅರ್ಥವಿರುವುದಿಲ್ಲ. ವಿಳಂಬ ಕಾಲ ಹಾಡುತ್ತಿರುವಾಗ ಎದ್ದು ಹೋಗಿ ದ್ರುತಕ್ಕೆ ಮರಳಿ ಬಂದ ಹಾಗೆ.

ಎರಡನೇ ಸಲ ಎಣಿಸುತ್ತಾ ಕೇಳಿ. ಹದಿನೈದು ಸೆಕೆಂಡಿನಲ್ಲಿ ಎಷ್ಟು ಬಡಿತ ಬಿದ್ದವು ಎಂದು ಲೆಕ್ಕ ಹಾಕಿ ನಾಲ್ಕರಿಂದ ಗುಣಿಸಿದರೆ ಬಿಪಿಎಂ, ಅಂದರೆ ನಿಮಿಷಕ್ಕಿಷ್ಟು ಬಡಿತ ಎಂಬ ಲಯದ ಅಳತೆ ಸಿಗುತ್ತದೆ. ಮೂವತ್ತೊಂದು ಎಣಿಸಿದರೆ 124. ಹೌಸ್ ಸಾಮಾನ್ಯವಾಗಿ 118ರಿಂದ 128ರ ಒಳಗೆ, ಉಳಿದ ಶೈಲಿಗಳಲ್ಲಿ ಟೆಕ್ನೊ ಅದಕ್ಕಿಂತ ತುಸು ಮೇಲೆ, ಡಬ್‌ಸ್ಟೆಪ್ 140ರ ಆಸುಪಾಸು, ಡ್ರಮ್ ಆ್ಯಂಡ್ ಬೇಸ್ 170ರ ಸುತ್ತ.

ಇನ್ನೂ ಸ್ವಾರಸ್ಯದ ಎಣಿಕೆ ಬೇರೊಂದಿದೆ. ಈ ಸಂಗೀತದಲ್ಲಿ ಬದಲಾವಣೆಗಳು ಹೆಚ್ಚಾಗಿ ಮೂವತ್ತೆರಡು ಬಡಿತಕ್ಕೊಮ್ಮೆ ಬರುತ್ತವೆ. ಆದಿತಾಳ ಹಾಕಲು ಬರುವವರಿಗೆ ಇದು ನೀರು ಕುಡಿದಷ್ಟು ಸುಲಭ: ಆವರ್ತಕ್ಕೆ ಎಂಟು ಅಕ್ಷರ, ನಾಲ್ಕು ಆವರ್ತ ಹಾಕಿದರೆ ಮೂವತ್ತೆರಡು. ತೊಡೆಯ ಮೇಲೆ ತಾಳ ಹಾಕುತ್ತಾ ಹೋಗಿ. ನಾಲ್ಕನೇ ಆವರ್ತ ಮುಗಿದು ಮತ್ತೆ ಸಮಕ್ಕೆ ಬಂದ ಕ್ಷಣದಲ್ಲಿ ಹೊಸ ಜಾಗಟೆಯೋ ಚಪ್ಪಾಳೆಯೋ ಸೇರಿಕೊಳ್ಳುವುದನ್ನು ಗಮನಿಸುತ್ತೀರಿ. ನಮ್ಮ ಮೃದಂಗದವರ ಲೆಕ್ಕಾಚಾರಕ್ಕೆ ಹೋಲಿಸಿದರೆ ಇದು ಅಂಗನವಾಡಿ ಪಾಠ, ನಿಜ. ಇಲ್ಲಿ ಜಾಣ್ಮೆ ಇರುವುದು ಲೆಕ್ಕದಲ್ಲಲ್ಲ, ಯಾವಾಗ ಏನನ್ನು ತಡೆಹಿಡಿಯಬೇಕು ಎಂಬುದರಲ್ಲಿ.

ಮೂರನೇ ಸಲ ಕೂಡುವ ಜಾಗಗಳನ್ನು ಹಿಡಿಯಿರಿ. ಹೊಸ ಟ್ರ್ಯಾಕ್ ಬರುವಾಗ ಮೊದಲು ಅದರ ಮೇಲಿನ ಭಾಗ ಮಾತ್ರ ಕೇಳಿಸುತ್ತದೆ: ಚಿಸ್ ಚಿಸ್ ಎನ್ನುವ ಹೈ-ಹ್ಯಾಟ್, ಯಾವುದೋ ದೂರದ ನಾದ. ಅದರ ಬೇಸನ್ನು, ಅಂದರೆ ಕೆಳಗಿನ ದಪ್ಪ ನಾದವನ್ನು, ಡಿಜೆ ಬೇಕೆಂದೇ ಇಳಿಸಿರುತ್ತಾರೆ, ಏಕೆಂದರೆ ಎರಡು ಟ್ರ್ಯಾಕ್‌ಗಳ ಬೇಸ್ ಒಟ್ಟಿಗೆ ಬಿದ್ದರೆ ಎಲ್ಲ ಕಲಸುಮೇಲೋಗರ. ಆಮೇಲೆ ಒಂದು ಸಮದ ಮೇಲೆ ಹಳೆಯದರ ಬೇಸ್ ತೆಗೆದು ಹೊಸದರದು ಬಿಡುತ್ತಾರೆ. ಕೋಣೆಯ ನೆಲವನ್ನೇ ಯಾರೋ ಬದಲಿಸಿದಂತೆ ಅನಿಸುತ್ತದೆ, ಆದರೆ ನಡೆ ತಪ್ಪಿರುವುದಿಲ್ಲ. ಆ ಕ್ಷಣದ ನಿಮಿಷ, ಸೆಕೆಂಡನ್ನು ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳಿ.

4. ಟ್ರ್ಯಾಕ್ ಗುರುತಿಸಿ

ಮುದ್ರಿತ ಪಟ್ಟಿ ಇದ್ದರೆ ಸರಿ. ರೇಡಿಯೊ ಮತ್ತು ಕ್ಲಬ್ ಮಿಕ್ಸ್‌ಗಳಿಗಾದರೆ ಮಿಕ್ಸಸ್‌ಡಿಬಿ, 1001 ಟ್ರ್ಯಾಕ್‌ಲಿಸ್ಟ್ಸ್ ಎಂಬ ತಾಣಗಳಲ್ಲಿ ಕೇಳುಗರೇ ಕೂಡಿ ಕಟ್ಟಿದ ಪಟ್ಟಿಗಳಿವೆ. ಅವುಗಳಲ್ಲೂ ಸಿಗದಿದ್ದರೆ ಶಜಾಮ್, ಅಂದರೆ ಕೇಳಿಸುತ್ತಿರುವ ಸಂಗೀತ ಯಾವುದೆಂದು ಗುರುತಿಸುವ ಫೋನ್ ಆ್ಯಪ್.

ಶಜಾಮ್ ಸೋಲುವುದಕ್ಕೆ ಕಾರಣ ತಿಳಿದಿದ್ದರೆ ಅರ್ಧ ಸೋಲು ತಪ್ಪುತ್ತದೆ. ಅದು ಮೂಲ ಧ್ವನಿಮುದ್ರಣದ ಗುರುತನ್ನು ಹುಡುಕುತ್ತದೆ, ಡಿಜೆಗಳಾದರೋ ಲಯ ಹೊಂದಿಸಲು ವೇಗ ಬದಲಿಸಿರುತ್ತಾರೆ. ವಿನೈಲ್ ತಟ್ಟೆಯನ್ನು ಶೇಕಡ ಆರರಷ್ಟು ವೇಗವಾಗಿ ತಿರುಗಿಸಿದರೆ ಶ್ರುತಿಯೂ ಸುಮಾರು ಅರ್ಧ ಸ್ವರ ಏರುತ್ತದೆ. ಎರಡು ಟ್ರ್ಯಾಕ್ ಬೆರೆತ ಜಾಗದಲ್ಲಂತೂ ಆ್ಯಪ್‌ಗೆ ದಿಕ್ಕೇ ತೋಚುವುದಿಲ್ಲ. ಆದ್ದರಿಂದ ಹಳೆಯದು ಪೂರ್ತಿ ಹೋಗಿ ಹೊಸದು ಒಂಟಿಯಾಗಿ ಓಡುತ್ತಿರುವ ನಡುಭಾಗದಲ್ಲಿ ಹಿಡಿಯಿರಿ. ಮೂರನೇ ಸಲ ಕೇಳಿದಾಗ ಬರೆದುಕೊಂಡ ನಿಮಿಷಗಳು ಈಗ ಉಪಯೋಗಕ್ಕೆ ಬರುತ್ತವೆ.

ಪಟ್ಟಿಯಲ್ಲಿ ‘ಐಡಿ’ ಎಂದಷ್ಟೇ ಇದ್ದರೆ ಆ ಟ್ರ್ಯಾಕ್ ಯಾರದೆಂದು ಇನ್ನೂ ಪತ್ತೆಯಾಗಿಲ್ಲ, ಅಥವಾ ಬಿಡುಗಡೆಯೇ ಆಗಿಲ್ಲ ಎಂದರ್ಥ. ಅದರ ಹಿಂದೆ ತಿಂಗಳುಗಟ್ಟಲೆ ಅಲೆಯಬೇಡಿ. ಬಿಡುಗಡೆಯಾದ ದಿನ ತಾನೇ ಸಿಗುತ್ತದೆ.

ಎಲ್ಲರೂ ಬೀಳುವ ಹಳ್ಳ ಇನ್ನೊಂದಿದೆ: ರೀಮಿಕ್ಸ್. ಒಂದೇ ಶೀರ್ಷಿಕೆಯ ನಾಲ್ಕು ರೂಪಗಳಿರುತ್ತವೆ, ಮಿಕ್ಸ್‌ನಲ್ಲಿ ಕೇಳಿದ್ದು ಮೂರನೆಯದಾಗಿರುತ್ತದೆ. ಹೆಸರಿನ ಮುಂದೆ ಕಂಸದಲ್ಲಿರುವುದನ್ನು ಓದದೆ ಹಣ ಕೊಡಬೇಡಿ.

5. ಟ್ರ್ಯಾಕ್‌ನಿಂದ ಲೇಬಲ್‌ಗೆ, ಲೇಬಲ್‌ನಿಂದ ಜನರಿಗೆ

ಒಂದು ಟ್ರ್ಯಾಕ್ ಸಿಕ್ಕಿತಲ್ಲ, ಇನ್ನು ಡಿಸ್ಕಾಗ್ಸ್‌ಗೆ ಹೋಗಿ. 2000ದಲ್ಲಿ ಆರಂಭವಾದ ಈ ತಾಣ ಜಗತ್ತಿನ ಧ್ವನಿಮುದ್ರಿಕೆಗಳ ಬೃಹತ್ ದಾಖಲೆ. ಅಲ್ಲಿ ಕಲಾವಿದರ ಹೆಸರಿಗಿಂತ ಮೊದಲು ಲೇಬಲ್‌ನ ಹೆಸರನ್ನು ಒತ್ತಿ. ಅಂಡರ್‌ಗ್ರೌಂಡ್ ಸಂಗೀತದಲ್ಲಿ ಕಲಾವಿದರು ಐದಾರು ಹೆಸರಿಟ್ಟುಕೊಂಡು ತಪ್ಪಿಸಿಕೊಳ್ಳುತ್ತಾರೆ. ಲೇಬಲ್ ಎಲ್ಲಿಗೂ ಹೋಗುವುದಿಲ್ಲ. ಅದನ್ನು ನಡೆಸುವುದು ಸಾಮಾನ್ಯವಾಗಿ ಒಬ್ಬಿಬ್ಬರು, ಅವರ ಅಭಿರುಚಿಯೇ ಪಟ್ಟಿಯುದ್ದಕ್ಕೂ ಹರಡಿರುತ್ತದೆ. ನಿಮಗೆ ಹಿಡಿಸಿದ ತಟ್ಟೆಯ ಹಿಂದಿನ ಮೂರು, ಮುಂದಿನ ಮೂರು ಕೇಳಿ. ಎರಡಾದರೂ ಇಷ್ಟವಾದರೆ ಆ ಲೇಬಲ್ ನಿಮ್ಮದು. ಆಮೇಲೆ ಆ ಲೇಬಲ್‌ನವರೇ ಮಾಡಿದ ಮಿಕ್ಸ್ ಹುಡುಕಿ, ಮೂರನೇ ಹಂತಕ್ಕೆ ಮರಳಿ.

ಬೆನ್ನು ಹತ್ತುವುದರಿಂದ ಏನು ಸಿಗಬಹುದು ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ಚರಣ್‌ಜಿತ್ ಸಿಂಗ್ ಮುಂಬೈಯ ಹಿಂದಿ ಚಿತ್ರಸಂಗೀತದ ವಾದ್ಯಗೋಷ್ಠಿಗಳಲ್ಲಿ ನುಡಿಸುತ್ತಿದ್ದವರು. 1982ರಲ್ಲಿ ಅವರು ರೋಲಂಡ್ ಕಂಪನಿಯ ಟಿಬಿ-303, ಟಿಆರ್-808 ಮತ್ತು ಜೂಪಿಟರ್-8 ಎಂಬ ಮೂರು ಎಲೆಕ್ಟ್ರಾನಿಕ್ ವಾದ್ಯಯಂತ್ರಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ಲಯದಲ್ಲಿ ನುಡಿಸಿದ ತಟ್ಟೆ ಎಚ್‌ಎಂವಿಯಿಂದ ಬಂತು. ಯಾರೂ ಕೊಳ್ಳಲಿಲ್ಲ. ಅದೇ 303 ಯಂತ್ರದ ಲೊಳಲೊಳ ನಾದದಿಂದ ಚಿಕಾಗೊದಲ್ಲಿ ಆ್ಯಸಿಡ್ ಹೌಸ್ ಎಂಬ ಶೈಲಿ ಹುಟ್ಟಿದ್ದು ಕೆಲವು ವರ್ಷಗಳ ನಂತರ; ಫ್ಯೂಚರ್ ತಂಡದ ಪ್ರಸಿದ್ಧ ತಟ್ಟೆ ಬಂದದ್ದು 1987ರಲ್ಲಿ. 2002ರಲ್ಲಿ ಎಡೊ ಬೌಮನ್ ಎಂಬ ಡಚ್ ಸಂಗ್ರಾಹಕರಿಗೆ ದೆಹಲಿಯ ಅಂಗಡಿಯಲ್ಲಿ ಚರಣ್‌ಜಿತ್ ಅವರ ತಟ್ಟೆ ಸಿಕ್ಕಿತು. ಅವರು ಕಲಾವಿದರನ್ನು ಹುಡುಕಿಕೊಂಡು ಹೋದರು, 2010ರಲ್ಲಿ ತಮ್ಮ ಬಾಂಬೆ ಕನೆಕ್ಷನ್ ಲೇಬಲ್‌ನಿಂದ ಮರುಮುದ್ರಿಸಿದರು. ಎಪ್ಪತ್ತು ದಾಟಿದ ಚರಣ್‌ಜಿತ್ ಯುರೋಪಿನ ವೇದಿಕೆಗಳಲ್ಲಿ ನುಡಿಸಿದರು, 2015ರಲ್ಲಿ ತೀರಿಕೊಂಡರು.

ಕರ್ನಾಟಕ ಸಂಗೀತದ ಕಿವಿಯಿರುವವರು ಈ ತಟ್ಟೆಯನ್ನು ಮಾಲ್ಕೌಂಸ್‌ನಿಂದ ಆರಂಭಿಸಿ. ಅದು ನಮ್ಮ ಹಿಂದೋಳ. ಭೂಪಾಲಿ ನಮ್ಮ ಮೋಹನ. ಗಮಕಗಳ ಆಸೆ ಬಿಟ್ಟು ಕೇಳಬೇಕು, ಅಷ್ಟೇ. 303 ಜಾರುತ್ತದೆ, ಆದರೆ ತನಗೆ ಬೇಕಾದಂತೆ ಜಾರುತ್ತದೆ.

6. ಕೊಳ್ಳುವಾಗ

ಡಿಜಿಟಲ್ ಪ್ರತಿಗೆ ಬ್ಯಾಂಡ್‌ಕ್ಯಾಂಪ್ ಮೊದಲ ಆಯ್ಕೆ. ಕೊಟ್ಟ ಹಣದಲ್ಲಿ ಸರಾಸರಿ ಶೇಕಡ 82ರಷ್ಟು ಕಲಾವಿದರಿಗೆ ಅಥವಾ ಲೇಬಲ್‌ಗೆ ಹೋಗುತ್ತದೆ. 2020ರ ಮಾರ್ಚ್‌ನಲ್ಲಿ ಆರಂಭವಾದ ‘ಬ್ಯಾಂಡ್‌ಕ್ಯಾಂಪ್ ಶುಕ್ರವಾರ’ಗಳಂದು ತಾಣ ತನ್ನ ಪಾಲನ್ನು ಬಿಟ್ಟುಕೊಡುತ್ತದೆ. ಆ ಶುಕ್ರವಾರದ ಲೆಕ್ಕ ಅಮೆರಿಕದ ಪಶ್ಚಿಮ ತೀರದ ಗಡಿಯಾರದ್ದು. ನಮಗೆ ಅದು ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಗೆ, ಅಲ್ಲಿನ ಚಳಿಗಾಲದಲ್ಲಾದರೆ ಒಂದೂವರೆಗೆ ಶುರುವಾಗುತ್ತದೆ. ಬೆಳಿಗ್ಗೆಯೇ ಎದ್ದು ಕೊಂಡರೆ ಪ್ರಯೋಜನವಿಲ್ಲ. ಕಾರ್ಡ್ ತಿರಸ್ಕೃತವಾದರೆ ಗಾಬರಿ ಬೇಡ: ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಆನ್‌ಲೈನ್ ಪಾವತಿಯ ಗುಂಡಿ ಆಫ್ ಆಗಿರುತ್ತದೆ.

ವಿನೈಲ್ ಹುಚ್ಚು ಹಿಡಿಯುವ ಮೊದಲು ಲೆಕ್ಕ ಹಾಕಿ. ವಿದೇಶದಿಂದ ಒಂದೇ ತಟ್ಟೆ ತರಿಸಿದಾಗ ಸಾಗಣೆ, ಸುಂಕ, ಕೊರಿಯರ್‌ನವರ ನಿರ್ವಹಣಾ ಶುಲ್ಕ ಸೇರಿ ನಾನು ತಟ್ಟೆಯ ಬೆಲೆಯ ಎರಡರಷ್ಟು ತೆತ್ತಿದ್ದೇನೆ. ಮನೆಯಲ್ಲಿ ಇಂದಿಗೂ ಅದು ಹಾಸ್ಯದ ವಸ್ತು. ಬೆಂಗಳೂರಿನಲ್ಲಿರುವವರು ಮೊದಲು ಭಾನುವಾರ ಬೆಳಿಗ್ಗೆ ಚಿಕ್ಕಪೇಟೆ ಕಡೆಯ ಸಂಡೇ ಬಜಾರ್‌ನಲ್ಲಿ ಒಂದು ಸುತ್ತು ಹಾಕಿ. ಹಳೆಯ ಕನ್ನಡ, ತಮಿಳು ಚಿತ್ರಗಳ ತಟ್ಟೆಗಳ ನಡುವೆ ಎಂಬತ್ತರ ದಶಕದ ಸಿಂಥಸೈಸರ್ ಪ್ರಯೋಗಗಳು ಅಡಗಿರುತ್ತವೆ. ಇಳಯರಾಜ ಸಂಗೀತದ 1981ರ ‘ಗೀತಾ’ದಂಥವನ್ನು ಹೊಸ ಕಿವಿಯಿಂದ ಕೇಳಿ ನೋಡಿ. ತಟ್ಟೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದರೆ ಗೀರುಗಳು ಕಾಣುತ್ತವೆ. ಉಗುರಿಗೆ ತಡೆಯುವಷ್ಟು ಆಳದ ಗೀರಿದ್ದರೆ ಸೂಜಿ ಜಿಗಿಯುತ್ತದೆ, ಬಿಟ್ಟುಬಿಡಿ. ಕಣ್ಣಿನ ಮಟ್ಟಕ್ಕೆ ಅಡ್ಡಲಾಗಿ ಹಿಡಿದು ಸೊಟ್ಟಗಾಗಿದೆಯೇ ನೋಡಿ. ದೂಳಿಗೆ ಹೆದರಬೇಡಿ, ತೊಳೆದರೆ ಹೋಗುತ್ತದೆ.

ಇಳಿಸಿಕೊಂಡ ಫೈಲ್‌ಗಳಿಗೆ ಕೂಡಲೇ ಹೆಸರಿಡಿ: ಡಿಜೆ, ಸರಣಿ, ವರ್ಷ. ‘ಮಿಕ್ಸ್_ಫೈನಲ್_2’ ಎಂಬ ಹೆಸರಿನ ಹನ್ನೊಂದು ಫೈಲ್‌ಗಳು ನನ್ನ ಹಳೆಯ ಡಿಸ್ಕ್‌ನಲ್ಲಿವೆ. ಯಾವುದು ಯಾರದೆಂದು ದೇವರಿಗೇ ಗೊತ್ತು.

7. ಇನ್ನೊಬ್ಬರಿಗೆ ಹೇಳುವಾಗ

ಈಗ ನಿಮ್ಮ ಸರದಿ ಬರುತ್ತದೆ. ಗೆಳೆಯರು ಕೇಳುತ್ತಾರೆ, ನೀವು ಎರಡು ಗಂಟೆಯ ಕೊಂಡಿಯೊಂದನ್ನು “ಕೇಳಲೇಬೇಕು” ಎಂದು ಬರೆದು ವಾಟ್ಸ್‌ಆ್ಯಪ್‌ಗೆ ಎಸೆಯುತ್ತೀರಿ. ಅದನ್ನು ಯಾರೂ ತೆರೆಯುವುದಿಲ್ಲ.

ಬರ್ಲಿನ್‌ನಲ್ಲಿ 1989ರಿಂದ ಇರುವ ಹಾರ್ಡ್ ವ್ಯಾಕ್ಸ್ ಎಂಬ ತಟ್ಟೆ ಅಂಗಡಿ ಇದರಲ್ಲಿ ಗುರು. ಪ್ರತಿ ತಟ್ಟೆಗೂ ಒಂದು ಸಾಲಿನ ವಿವರಣೆ, ಏಳೆಂಟು ಪದಗಳೊಳಗೆ. ಹೊಗಳಿಕೆ ಇರುವುದಿಲ್ಲ, ನಾದ ಹೇಗಿದೆ ಎಂದಷ್ಟೇ ಇರುತ್ತದೆ. ನೀವೂ ಮೂರೇ ಸಂಗತಿ ಬರೆಯಿರಿ: ಯಾವ ಹೊತ್ತಿಗೆ ಕೇಳಬೇಕು, ಲಯ ನಿಧಾನವೋ ಚುರುಕೋ, ಯಾವ ನಿಮಿಷದಿಂದ ರುಚಿ ನೋಡಬಹುದು. ಪೂರ್ತಿ ಕೇಳುವವರು ಓಡಿಸಬಾರದು ಎಂದು ಮೇಲೆ ಹೇಳಿದೆ. ರುಚಿ ನೋಡುವವರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಮತ್ತು ಒಂದು ಸಲಕ್ಕೆ ಒಂದೇ ಮಿಕ್ಸ್.

ಕಳೆದ ವಾರ ನಾನು ಒಬ್ಬರಿಗೆ ಕಳುಹಿಸಿದ್ದು ಹೀಗಿತ್ತು: “ಕ್ರೂಡರ್ ಮತ್ತು ಡಾರ್ಫ್‌ಮೈಸ್ಟರ್, 1996. ಮಳೆ ಬರುತ್ತಿರುವಾಗ ದೀಪ ಆರಿಸಿ ಕೇಳಿ. ಲಯ ನಿಧಾನ, ಬೇಸ್ ದಪ್ಪ. ಫೋನಿನಲ್ಲಿ ಬೇಡ. ಹಿಡಿಸದಿದ್ದರೆ ಇಪ್ಪತ್ತನೇ ನಿಮಿಷಕ್ಕೆ ನಿಲ್ಲಿಸಿ, ನನಗೆ ಹೇಳಿ.”

ಇಪ್ಪತ್ತೆರಡನೇ ನಿಮಿಷಕ್ಕೆ ಉತ್ತರ ಬಂತು: “ಈಗ ಓಡುತ್ತಿರುವುದು ಯಾರದ್ದು?” ಅವರಿಗೆ ಉತ್ತರ ಹೇಳಲಿಲ್ಲ, ನಾಲ್ಕನೇ ಹಂತವನ್ನು ಕಳುಹಿಸಿದೆ.